ಯೌವನದ ಚಾರ್ಜ್ ಬೇಡವೆಂದ ದೇಸಾಯಿ ಕಾಕಾ

ಗೆಳೆಯರೇ, ಇಂದು ಬೆಳಿಗ್ಗೆ ವಿಶಾಖಪಟ್ಟಣದಲ್ಲಿ ನನ್ನ ಯೌವನವನ್ನು ಅಧಿಕೃತವಾಗಿ ಹಸ್ತಾಂತರಿಸಲು ಹೋಗಿ ವಿಫಲನಾದೆ.

ಪರವಾಡದ ಔಷಧ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿಗಾಗಿ ಬಾಡಿಗೆ ಮನೆಯ ಗೇಟಿನ ಬಳಿ ನಿಂತಿದ್ದೆ. ಅದು ತಪ್ಪಿದರೆ ಅರ್ಧ ದಿನದ ರಜೆ ಹೋದಂತೆ. ಮನೆ ಮಾಲೀಕರಾದ ದೇಸಾಯಿ ಕಾಕಾ ಧಾರವಾಡದವರು, ಇಲ್ಲೇ ನಿವೃತ್ತರಾದ ಬ್ಯಾಂಕ್ ಮ್ಯಾನೇಜರು. ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಕಾಫಿ ಹೀರುತ್ತಾ ನಿಟ್ಟುಸಿರು ಬಿಟ್ಟರು. "ನಿನ್ನ ವಯಸ್ಸು ಸಿಕ್ಕಿದ್ರ ಈ ಆರಾಮೆಲ್ಲಾ ಈಗಿಂದೀಗ ಬಿಟ್ಟುಕೊಡ್ತಿದ್ದೆ ನೋಡಪಾ."

ನಾನು ನನ್ನ ಐಡಿ ಕಾರ್ಡನ್ನು ಪಟ್ಟಾಭಿಷೇಕದ ಗಾಂಭೀರ್ಯದಿಂದ ಅವರ ಕೊರಳಿಗೆ ಹಾಕಿದೆ. "ತಗೊಳ್ಳಿ ಕಾಕಾ. ಬಸ್ ಹತ್ತಿ. ನಿಮ್ಮ ಕುರ್ಚೀಲಿ ನಾನು ಕೂತ್ಕೋತೀನಿ."

ಬ್ಯಾಂಕಿನವರು ತಪಾಸಣೆ ಮಾಡದೆ ಯಾವ ಶಾಖೆಯ ಚಾರ್ಜನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ಮರೆತಿದ್ದೆ. ಕಾಕಾ ಕನ್ನಡಕ ಏರಿಸಿದರು.

"ಊಟ ಆದಮ್ಯಾಲೆ ಮಲಗ್ಲಿಕ್ಕೆ ಬಿಡ್ತಾರೇನು?"

"ಇಲ್ಲ."

"ರಜಾ ಕೇಳಿದ್ರ?"

"ಯಾಕೆ ಅಂತಾರೆ."

"ಮದುವಿ?"

"ಇನ್ನೂ ಹುಡುಗಿ ನೋಡ್ಬೇಕು. ಇನ್ಮೇಲೆ ನೀವೇ ಹೋಗ್ಬೇಕು."

"ಅಂದ್ರ ಮತ್ತ ಮನಿಮನಿ ಉಪ್ಪಿಟ್ಟು ತಿನ್ನಬೇಕಾ?"

ಅಷ್ಟರಲ್ಲಿ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಕಾರ್ಡಿಲ್ಲದೆ ಹತ್ತಿಸುವುದಿಲ್ಲ, ಕಾರ್ಡು ಕಾಕಾರ ಎದೆಯ ಮೇಲಿತ್ತು.

"ಬ್ಯಾಡ ತಮ್ಮಾ, ಇಷ್ಟು ಕೆಲಸ ಬಾಕಿ ಇರೋ ಚಾರ್ಜ್ ನಾ ತಗೊಳ್ಳೂದಿಲ್ಲ," ಎಂದು ಕಾರ್ಡನ್ನು ನನ್ನ ಕೈಗಿಟ್ಟು ಮೆಟ್ಟಿಲು ಹತ್ತತೊಡಗಿದರು. ನಡುವೆ ನಿಂತು ತಿರುಗಿದರು.

"ಮೊಣಕಾಲಷ್ಟ ಬಿಡಿಯಾಗಿ ಕೊಡ್ತೀಯೇನು?"

ಅರ್ಧ ದಿನದ ರಜೆ ತೆತ್ತು ತಿಳಿದುಕೊಂಡದ್ದು ಇಷ್ಟೇ ಗೆಳೆಯರೇ: ಇಡೀ ಯೌವನಕ್ಕೆ ಗಿರಾಕಿಗಳಿಲ್ಲ, ಬಿಡಿಭಾಗಗಳಿಗೆ ಮಾತ್ರ ಬೇಡಿಕೆ.