ಕೂರಲೊಲ್ಲದ ಕ್ಷೌರಿಕ
ಬೀದಿ ತಿರುವಿನ ಕಟಿಂಗ್ ಅಂಗಡಿಯ ಯಜಮಾನನಿಗೆ 'ಸ್ವಲ್ಪ ಕೂತ್ಕೊಳ್ಳಿ' ಎಂದವರ ಕತೆ ಮುಗಿದಂತೆಯೇ. ಹೋದ ವರ್ಷ ಗಿರಾಕಿಯೊಬ್ಬನ ಅರ್ಧ ತಲೆಯ ಕೂದಲು ಕತ್ತರಿಸಿದ್ದಾಗಲೇ ಯಜಮಾನನ ಎಡಗಾಲಿಗೆ ರಕ್ತ ಹರಿಯುವುದು ಗಕ್ಕನೆ ನಿಂತು, ಪಾದ ಮಂಜುಗಡ್ಡೆಯಾಯಿತು. ಆಂಬುಲೆನ್ಸ್ ಹತ್ತುವಾಗಲೂ ಆ ಅರ್ಧ ತಲೆಯವನಿಗೆ, "ಬೇರೆ ಅಂಗಡಿಗೆ ಹೋದೆಯೋ, ನೋಡು ಮತ್ತೆ!" ಎಂದು ಗದರಿಸಿಯೇ ಹೋದನಂತೆ. ಆಪರೇಷನ್ ಮಾಡಿ, ಹೆಪ್ಪುಗಟ್ಟಿದ ರಕ್ತ ತೆಗೆದು ಕಾಲು ಉಳಿಸಿದ ಡಾಕ್ಟರು, "ಇನ್ಮೇಲೆ ತುಂಬ ಹೊತ್ತು ನಿಲ್ಲಬೇಡಿ" ಎಂದರೆ, "ಮತ್ತೆ ಗಿರಾಕೀನ ಮಡಿಲಲ್ಲಿ ಮಲಗಿಸ್ಕೊಂಡು ಕತ್ತರಿಸ್ಲಾ ಸ್ವಾಮಿ?" ಎಂದು ಅವರನ್ನೇ ಕೇಳಿದ. ಹೆಂಡತಿ ತಂದಿಟ್ಟ ಸ್ಟೂಲಿನ ಮೇಲೆ ಈಗ ರೇಡಿಯೋ ಕೂತು ಹಾಡುತ್ತದೆ. ಯಾರಾದರೂ ಅಯ್ಯೋ ಪಾಪ ಎಂದರೆ ಸಾಕು, ಪ್ಯಾಂಟು ಮಡಚಿ ಮೊಣಕಾಲ ಕೆಳಗಿನ ಗಾಯದ ಗುರುತು ತೋರಿಸಿ, "ಆ ಡಾಕ್ಟ್ರು ಪರವಾಗಿಲ್ಲ ರೀ, ಕತ್ತರಿ ಹಿಡಿಯೋಕೆ ಬರುತ್ತೆ" ಎಂದು ಸರ್ಟಿಫಿಕೇಟು ಕೊಡುತ್ತಾನೆ. ಈಚೆಗೆ ಮಾತ್ರ ಒಬ್ಬ ಎದ್ದು ಇನ್ನೊಬ್ಬ ಬರುವ ನಡುವೆ ಅವನ ಬಾಚಣಿಗೆ ಕೈಜಾರಿ ಬೀಳುತ್ತದೆ. "ವಯಸ್ಸಾಯ್ತು ಯಜಮಾನ್ರೆ" ಎಂದು ಬೆಂಚಿನ ಮೇಲೆ ಸರದಿ ಕಾಯುವವರು ನಗುತ್ತಾರೆ, ಅವನೂ ನಗುತ್ತಾನೆ. ಕತ್ತರಿ ಒಮ್ಮೆಯೂ ಬಿದ್ದಿಲ್ಲವೆಂಬುದನ್ನು ಯಾರೂ ಗಮನಿಸಿಲ್ಲ. ಬಾಚಣಿಗೆಗೆಂದು ಬಗ್ಗಿದವನು ಕನ್ನಡಿಗೂ ಕಾಣದಂತೆ ಎಡಪಾದದ ಮೇಲೆ ಅಂಗೈ ಇಡುತ್ತಾನೆ, ಉಸಿರು ಬಿಗಿಹಿಡಿದು ಕಾಯುತ್ತಾನೆ. ಬೆಚ್ಚಗಿದೆ. ಆಮೇಲೆ ನೆಟ್ಟಗೆ ಎದ್ದು, ಕುರ್ಚಿಯನ್ನು ಗರ್ರನೆ ತಿರುಗಿಸಿ, ಬೀದಿಗೆಲ್ಲ ಕೇಳುವಂತೆ ಕೂಗುತ್ತಾನೆ: "ಹೂಂ, ಮುಂದಿನವ್ರು ಯಾರು? ಬನ್ನಿ, ನೀವು ಕೂತ್ಕೊಳ್ಳಿ!"