ಮೇಜು ತಿರುಗಿದ ದಿಕ್ಕು

ಸನತ್‌ನಗರದ ಕಾರ್ಖಾನೆಯೊಂದರಲ್ಲಿ ವನಜಾ ಹತ್ತೊಂಬತ್ತು ವರ್ಷಗಳಿಂದ ಯಂತ್ರ ನಡೆಸುವವರಿಗೆ ಸೂಚನೆಯ ಹಾಳೆಗಳನ್ನು ಬರೆಯುತ್ತಿದ್ದಾರೆ. ಸೇಡಂ ಕಡೆಯವರು, ಕಲಬುರಗಿಯಲ್ಲಿ ಡಿಪ್ಲೊಮಾ ಮುಗಿಸಿ ಹೈದರಾಬಾದಿಗೆ ಬಂದವರು. ಯಾವ ಯಂತ್ರದ ಸೊನ್ನೆ ಎಲ್ಲಿದೆ, ಯಾವ ಕಡೆ ಸರಿದರೆ ಪ್ಲಸ್, ಯಾವ ಕಡೆ ತಿರುಗಿದರೆ ಮೈನಸ್ ಎಂದು ಅವರು ಬರೆದು ಕೊಟ್ಟ ಮೇಲೆಯೇ ಆಪರೇಟರುಗಳು ಬಟನ್ ಮುಟ್ಟುವುದು.

ಎರಡು ವರ್ಷದ ಹಿಂದೆ ಲೋಹ ಕತ್ತರಿಸುವ, ಐದು ಅಕ್ಷಗಳ ಮೇಲೆ ಸರಿದು ತಿರುಗುವ ಹೊಸ ಯಂತ್ರವೊಂದು ಬಂತು. ಹಳೆಯದರಲ್ಲಿ ಕತ್ತರಿಸುವ ಉಪಕರಣ ಹಿಡಿದ ತಲೆಯೇ ವಾಲುತ್ತಿತ್ತು. ಹೊಸದರಲ್ಲಿ ತಲೆ ನೆಟ್ಟಗೆ ನಿಂತಿರುತ್ತದೆ, ವಾಲುವುದು ಲೋಹದ ತುಂಡನ್ನು ಕಟ್ಟಿದ ಮೇಜು. ಆ ವಾರ ಮಾಲು ಕಳಿಸುವ ಅವಸರವಿತ್ತು. ವನಜಾ ಹಳೆಯ ಯಂತ್ರದ ಹಾಳೆ ತೆಗೆದು, ಹೆಸರು ನಂಬರು ಬದಲಿಸಿ, ಪ್ರಿಂಟ್ ಹೊಡೆದು ಕೊಟ್ಟರು. ಅದರಲ್ಲಿ ಹೀಗಿತ್ತು: ‘ಬಲಗೈ ಹೆಬ್ಬೆರಳನ್ನು ಎಕ್ಸ್ ಪ್ಲಸ್ ಕಡೆ ಚಾಚಿ. ಉಳಿದ ಬೆರಳುಗಳು ಮಡಚುವ ದಿಕ್ಕೇ ವಾಲುವ ಅಕ್ಷದ ಪ್ಲಸ್.’ ಎಕ್ಸ್ ಪ್ಲಸ್ ಎಂದರೆ ಯಂತ್ರದೆದುರು ನಿಂತವರ ಬಲಗಡೆ.

ಮೂರನೆಯ ದಿನ ಆ ಯಂತ್ರದ ಮುಂದೆ ಅಮೃತಪ್ಪ ನಿಂತಿದ್ದರು. ಸಿಂಧನೂರಿನವರು, ಐವತ್ತಮೂರು ವಯಸ್ಸು, ಕಾರ್ಖಾನೆಯ ಅದೇ ಯಂತ್ರಶಾಪಿನಲ್ಲಿ ಕೂದಲು ಬೆಳ್ಳಗಾದವರು. ತುಂಡನ್ನು ಕೂರಿಸಿ ಅಳತೆ ನೋಡುವಾಗ ಯಂತ್ರದ ಗಾಜಿನ ಬಾಗಿಲು ತೆರೆದಿತ್ತು, ಎಡಗೈಯಲ್ಲಿ ಅಳತೆಯ ಡಯಲ್ ಗೇಜ್ ಇತ್ತು. ಹಾಳೆಯ ಪ್ರಕಾರ ಪ್ಲಸ್ ಒತ್ತಿದರೆ ಮೇಜಿನ ಮುಂದಿನ ಅಂಚು ಕೆಳಗಿಳಿಯಬೇಕು. ಅವರು ಒತ್ತಿದರು. ಅಂಚು ಮೇಲೆದ್ದಿತು. ಕೈ ಅಂಚಿಗೂ ಯಂತ್ರದ ತಲೆಗೂ ನಡುವೆ ಸಿಕ್ಕಿತು. ಉಂಗುರದ ಬೆರಳು, ಕಿರುಬೆರಳು ಎರಡೂ ಹೋದವು.

ವಿಚಾರಣೆ ಒಂದೇ ವಾರದಲ್ಲಿ ಮುಗಿಯಿತು. ಆಪರೇಟರನ ನಿರ್ಲಕ್ಷ್ಯ, ಮೈನಸ್ ಒತ್ತಿದ್ದಾರೆ ಎಂದು ವರದಿ ಬರೆದರು. ಹಾಳೆಯನ್ನು ಯಾರೂ ಕೇಳಲಿಲ್ಲ. ಅಮೃತಪ್ಪನವರನ್ನು ಮನೆಯಲ್ಲಿರಲು ಹೇಳಿದರು.

ವನಜಾ ಕೂಡ ಮೊದಲು ಹಾಗೆಯೇ ನಂಬಿದ್ದರು. ಆದರೆ ವರದಿ ಬಂದ ಮೇಲೆ ಯಾಕೋ ಮನಸ್ಸು ತಡೆಯದೆ, ಯಂತ್ರ ಮಾಡಿದವರ ಪುಸ್ತಕ ತೆಗೆದು ಕೂತರು. ‘ತುಂಡು ನಿಂತಿದೆ, ಉಪಕರಣವೇ ಚಲಿಸುತ್ತದೆ ಎಂದು ಭಾವಿಸಿ ದಿಕ್ಕುಗಳನ್ನೆಲ್ಲ ಹೇಳಿದೆ’ ಎಂಬ ಸಾಲು ಅದರಲ್ಲಿತ್ತು. ಅಂದರೆ ಮೇಜೇ ತಿರುಗುವ ಯಂತ್ರದಲ್ಲಿ ಮೇಜು ಬೆರಳು ಮಡಚುವ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತದೆ. ಅವರು ಶಾಪಿಗೆ ಇಳಿದು, ಬಾಗಿಲು ಮುಚ್ಚಿ, ಪ್ಲಸ್ ಐದು ಡಿಗ್ರಿ ಕೊಟ್ಟರು. ಗಾಜಿನಾಚೆ ಮುಂದಿನ ಅಂಚು ಮೆಲ್ಲಗೆ ಮೇಲೆದ್ದಿತು. ಇನ್ನೂ ಐದು ಕೊಟ್ಟರು. ಮತ್ತೆ ಮೇಲೆದ್ದಿತು. ಯಂತ್ರ ನಿಲ್ಲಿಸಿ, ಪಕ್ಕದಲ್ಲಿ ನೇತುಹಾಕಿದ್ದ ತಮ್ಮ ಹಾಳೆಯನ್ನು ಬಿಚ್ಚಿಕೊಂಡರು.

ಮ್ಯಾನೇಜರ್ ಆನಂದಕುಮಾರ ಬೀದರಿನವರು. ಅವರೆದುರು ನಿಂತು ವನಜಾ ಹೇಳಿದರು: “ಸರ್, ಅಮೃತಪ್ಪನವರು ಪ್ಲಸ್ಸೇ ಒತ್ಯಾರ. ತಪ್ಪು ನನ್ನ ಹಾಳೀದದ.”

“ಫೈಲ್ ಮುಚ್ಚ್ಯಾರ ಮೇಡಂ. ಈಗ ತೆಗದ್ರ ನಿಮ್ಮ ನೌಕರಿಗೇ ಬರ್ತದ. ಸುಮ್ನಿರ್ರಿ.”

ಸುಮ್ಮನಿರಲು ಅವರಿಂದ ಆಗಲಿಲ್ಲ. ಭಾನುವಾರ ಬೆಳಿಗ್ಗೆ ಬೋರಬಂಡದಲ್ಲಿದ್ದ ಅಮೃತಪ್ಪನವರ ಬಾಡಿಗೆ ಮನೆಗೆ ಹೋದರು. ಹೆಂಡತಿ ಗದಿಗೆಮ್ಮ ಗಂಡನ ಅಂಗಿಯ ಗುಂಡಿ ಹಾಕುತ್ತಿದ್ದರು. ವನಜಾ ಕೂರದೆ ನಿಂತೇ ಎಲ್ಲ ಹೇಳಿದರು.

“ತಲಿ ವಾಲೋ ಯಂತ್ರದ ಹಾಳಿ, ಮೇಜು ವಾಲೋ ಯಂತ್ರಕ್ಕ ಹಾಕಿಬಿಟ್ಟೆ ಅಮೃತಪ್ಪಣ್ಣ. ನೋಡ್ದೇ ಬರದೆ.”

ವನಜಾ ತಂದಿದ್ದ ಹಾಳೆಯನ್ನು ಅಮೃತಪ್ಪ ಬೆರಳಿಟ್ಟು ಓದಿದರು. “ಪ್ಲಸ್ಸೇ ಒತ್ತೀನಿ ಅಂತ ಎಲ್ಲಾರ ಮುಂದೂ ಹೇಳಿದ್ನಿ ಅಕ್ಕಾರ. ಯಾರೂ ನಂಬಲಿಲ್ಲ. ಕಡೀಕ ನನಗ ನನ್ನ ಮ್ಯಾಲೇ ನಂಬಿಕಿ ಹೋತು. ಎಲ್ಲೋ ಮೈನಸ್ ಒತ್ತಿರಬೇಕು, ತಲಿ ಕೆಟ್ಟೈತಿ ಅನ್ಕೊಂಡು ಕುಂತೀನಿ ಇಷ್ಟು ದಿನ.”

“ಈಗ ಹೇಳಿದ್ರ ಬೆರಳು ಬರ್ತಾವೇನ್ರಿ?” ಎಂದು ಗದಿಗೆಮ್ಮ ಒಳಗೆ ಹೋದರು. ಅಂದಿನಿಂದ ಅವರು ವನಜಾರೊಂದಿಗೆ ಮಾತಾಡಿಲ್ಲ.

“ಇದನ್ನ ಕಾರ್ಖಾನ್ಯಾಗ ಬರದು ಕೊಡ್ತೀರೇನು?” ಅಮೃತಪ್ಪ ಕೇಳಿದರು.

“ಕೊಡ್ತೀನಿ.”

ಮರುದಿನವೇ ಪತ್ರ ಕೊಟ್ಟರು. ಫೈಲನ್ನು ಮತ್ತೆ ತೆರೆಯಲು ಎರಡು ತಿಂಗಳು ಹಿಡಿಯಿತು. ಎಲ್ಲರೆದುರು ವನಜಾ ಯಂತ್ರ ನಡೆಸಿ ತೋರಿಸಿದರು. ವರದಿ ಬದಲಾಯಿತು, ಆದರೆ ಬಾಗಿಲು ತೆರೆದಿಟ್ಟಿದ್ದರು ಎಂಬ ಸಾಲು ಹಾಗೆಯೇ ಉಳಿಯಿತು. ಅಮೃತಪ್ಪನವರನ್ನು ತಪಾಸಣೆ ವಿಭಾಗಕ್ಕೆ ತೆಗೆದುಕೊಂಡರು. ವನಜಾರಿಗೆ ಮೆಮೊ ಬಂತು, ಆ ವರ್ಷ ಸಿಗಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಅವರು ಶಾಪಿನ ಹದಿನಾಲ್ಕೂ ಯಂತ್ರಗಳ ಹಾಳೆಗಳನ್ನು ಮೊದಲಿನಿಂದ ಬರೆಯಲು ಅನುಮತಿ ಕೇಳಿದರು, ಅಷ್ಟೇ.

ಈ ಸಲ ಒಂದು ಹಾಳೆಯಿಂದ ಇನ್ನೊಂದಕ್ಕೆ ಏನನ್ನೂ ನಕಲು ಮಾಡಲಿಲ್ಲ. ಪ್ರತಿ ಹಾಳೆಯ ಮೊದಲ ಸಾಲಿನಲ್ಲೇ ಇಲ್ಲಿ ಚಲಿಸುವುದು ತಲೆಯೋ ಮೇಜೋ ಎಂದು ಬರೆದರು. ಪ್ಲಸ್ ಒತ್ತಿದಾಗ ಏನು ಕಾಣುತ್ತದೆ ಎಂಬುದನ್ನು ಯಂತ್ರದ ಮುಂದೆ ನಿಂತು, ನೋಡಿ, ಬರೆದರು. ಬರೆದವರಲ್ಲದ ಇನ್ನೊಬ್ಬರು ಬಟನ್ ಒತ್ತಿ ನೋಡಿ ಸಹಿ ಹಾಕಬೇಕು ಎಂಬ ನಿಯಮ ಮಾಡಿಸಿದರು. ಆ ಇನ್ನೊಬ್ಬರಾಗಿ ಅಮೃತಪ್ಪನವರನ್ನೇ ಕೇಳಿಕೊಂಡರು. ಒಂದು ದಿನ ಯೋಚಿಸಿ ಅವರು ಒಪ್ಪಿದರು.

ಅವರು ಸುಲಭಕ್ಕೆ ಸಹಿ ಹಾಕುವವರಾಗಿರಲಿಲ್ಲ. “ಇಲ್ಲಿ ಎಡಕ್ಕ ಅಂತ ಬರದೀರಿ. ಯಾರ ಎಡಕ್ಕರಿ? ನಿಂತಾವಂದೋ, ಯಂತ್ರದ್ದೋ?” ಎಂದು ಏಳನೆಯ ಹಾಳೆಯನ್ನು ವಾಪಸು ಕೊಟ್ಟರು. ವನಜಾ ಆ ಪದ ಹೊಡೆದು, ‘ಕಿಟಕಿ ಗೋಡೆಯ ಕಡೆ’ ಎಂದು ಬರೆದರು.

ಐದು ತಿಂಗಳಲ್ಲಿ ಹದಿಮೂರು ಹಾಳೆಗಳು ಮುಗಿದವು. ಆ ಹೊಸ ಯಂತ್ರದ್ದನ್ನು ಇಬ್ಬರೂ ಮುಂದೂಡುತ್ತಲೇ ಬಂದಿದ್ದರು. ಕಡೆಗೆ ಒಂದು ಗುರುವಾರ ಮಧ್ಯಾಹ್ನ ಅಮೃತಪ್ಪನವರೇ ಬಂದು, “ನಡೀರಿ ಅಕ್ಕಾರ, ಅದನ್ನೂ ಮುಗಿಸೂಣು” ಎಂದರು. ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ಎಳೆದು ನೋಡಿದರು. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಬಲಗೈಯಿಂದ ಪ್ಲಸ್ ಒತ್ತಿದರು. ವನಜಾ ಹಾಳೆ ಹಿಡಿದು ಜೋರಾಗಿ ಓದಿದರು: “ಚಲಿಸುವುದು ಮೇಜು. ಮುಂದಿನ ಅಂಚು ಮೇಲೇಳುತ್ತದೆ.”

ಅಂಚು ಮೇಲೆದ್ದಿತು. ಅಮೃತಪ್ಪ ಅದು ನಿಲ್ಲುವ ತನಕ ನೋಡಿ, ಪೆನ್ನು ಕೇಳಿದರು.