ದೊಡ್ಡತ್ತೆ ಮನೆಯ ವೈಫೈ

ಮೊನ್ನೆ ಪಾಂಡವಪುರದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದಲ್ಲೊಬ್ಬಳು ಹುಡುಗಿ ಇಯರ್‌ಫೋನ್ ಸಿಕ್ಕಿಸಿಕೊಂಡು, "ಸರ್, ಕೇಳಿಸ್ತಾ ಇದ್ಯಾ? ಸರ್?" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಕೇಳಿಸದೆ ಇದ್ದವರು ಆ ಸರ್ ಒಬ್ಬರೇ. ಸುತ್ತ ಇದ್ದವರು ನಕ್ಕರು. ನನಗೆ ಮಾತ್ರ ಕಿವಿ ಬಿಸಿಯಾಯಿತು.

ನಿಮಗೂ ಇಂಥದ್ದು ಆಗಿರಬಹುದು. ನನಗಂತೂ ಲಾಕ್‌ಡೌನ್ ಕಾಲದಲ್ಲಿ, ಚಿನಕುರಳಿಯ ನಮ್ಮ ಮನೆಯಲ್ಲಿ ಬಿ.ಎಡ್. ಓದುತ್ತಿದ್ದಾಗ, ದಿನವೂ ಆಗುತ್ತಿತ್ತು. ಪಾಠವೆಲ್ಲ ಫೋನಿನಲ್ಲಿ. ಸಿಗ್ನಲ್ ಸಿಗುತ್ತಿದ್ದುದು ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ. ಪರದೆಯ ಮೇಲೆ ನಾನು ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದೆ. ನನ್ನ ಉತ್ತರ ಅತ್ತ ಹೋಗುತ್ತಿರಲಿಲ್ಲ, ಎಮ್ಮೆ ಕೂಗಿದ್ದು ಹೇಗೋ ಹೋಗುತ್ತಿತ್ತು. ಎರಡು ಮಕ್ಕಳಾದ ಮೇಲೆ ಓದಲು ಹೊರಟವಳು ನಾನು. ಚಿಕ್ಕ ವಯಸ್ಸಿನವರ ನಗು ಕೇಳಿ ಕ್ಯಾಮೆರಾ ಮುಚ್ಚಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದೆ.

ಕೊನೆಯ ಮೌಖಿಕ ಪರೀಕ್ಷೆಯ ದಿನ ಬೆಳಗ್ಗೆಯೇ ಸಿಗ್ನಲ್ ಪೂರ್ತಿ ಹೋಯಿತು. ತಪ್ಪಿದರೆ ಒಂದು ವರ್ಷ ಹಾಳು. ಅಂಗಳದಲ್ಲಿ ಫೋನನ್ನು ಆಕಾಶಕ್ಕೆ ಹಿಡಿದು ಸುತ್ತುತ್ತಿದ್ದ ನನ್ನನ್ನು ಅತ್ತೆ ನೋಡಿದರು.

"ಪಕ್ಕದ್ಮನೇಲಿ ಅದೇನೋ ವೈಫೈ ಐತಂತಲ್ಲ. ನಡಿ."

ಪಕ್ಕದ ಮನೆಯೆಂದರೆ ಅತ್ತೆಯ ವಾರಗಿತ್ತಿಯದು. ನನಗೆ ಅವರು ದೊಡ್ಡತ್ತೆ. ಕೆರೆ ಕೆಳಗಿನ ಒಂದು ತುಂಡು ಜಮೀನಿಗಾಗಿ ಎರಡೂ ಮನೆಯವರು ಕೋರ್ಟು ಹತ್ತಿದ್ದರು. ನಾನು ಸೊಸೆಯಾಗಿ ಬಂದಾಗಿನಿಂದ ಅವರಿಬ್ಬರೂ ಮಾತಾಡಿದ್ದನ್ನು ಕಂಡಿರಲಿಲ್ಲ.

"ಬ್ಯಾಡ ಬುಡಿ ಅತ್ತೆ," ಎಂದೆ. ಅವರು ಆಗಲೇ ಸೆರಗು ಹೊದ್ದು ಹೊರಟಿದ್ದರು.

ಆ ಮನೆಯ ಜಗಲಿಯ ಕೆಳಗೆ ನಿಂತು, ನೆಲ ನೋಡುತ್ತ, "ಅಕ್ಕ, ನನ್ ಸೊಸೆಗೆ ಪರೀಕ್ಸೆ ಐತೆ. ವಸಿ ಒಳಕ್ಕೆ ಬುಟ್ಕೊ," ಎಂದರು. ಯಾರಿಗೂ ಜಗ್ಗದ ಹೆಂಗಸು ನನಗಾಗಿ ತಲೆ ತಗ್ಗಿಸಿದ್ದು ಕಂಡು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡತ್ತೆ ಬಾಗಿಲನ್ನು ಪೂರ್ತಿ ತೆರೆದರು. "ಅಲ್ಲೇ ಯಾಕ್ ನಿಂತ್ಕಂಡ್ರಿ, ಬನ್ನಿ."

ಒಳಗೆ ಕೂತು ಪಾಸ್‌ವರ್ಡ್ ಕೇಳಿದೆ. ಅವರು ಸೆರಗಿನ ತುದಿ ತಿರುಚತೊಡಗಿದರು. ಕೊಡಲು ಮನಸ್ಸಿಲ್ಲವೆಂದುಕೊಂಡು ನಾನು ಎದ್ದೆ.

"ಅಂಗಲ್ಲ ಕಣವ್ವ. ನನ್ ಮಗ ಇಕ್ಬುಟ್ಟವ್ನೆ... ಆ ಜಮೀನಿನ ಸರ್ವೆ ನಂಬ್ರು. ಎಲ್ಡ್ ಸಲ ಒತ್ಬೇಕಂತೆ. ನಂಗೆ ಅದು ಬಾಯಿಗೆ ಬರಾಕಿಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅತ್ತೆ ಗೋಡೆಯ ಕಡೆ ತಿರುಗಿ ಆ ನಂಬರನ್ನು ಮಗ್ಗಿಯಂತೆ ಒಪ್ಪಿಸಿದರು. ಒತ್ತಿದೆ. ವೈಫೈ ಸಿಕ್ಕಿತು.

ಪರೀಕ್ಷೆ ನಡೆಯುತ್ತಿದ್ದಾಗ ಬೆನ್ನ ಹಿಂದೆ ಮೊದಲು ಪಿಸುಮಾತು, ಆಮೇಲೆ ದನಿ ಏರಿತು.

"ಮಂಡಿನೋವು ಅಷ್ಟಿದ್ರೂ ನಂಗೊಂದ್ ಮಾತು ಯೋಳ್ಬಾರ್ದಿತ್ತಾ?" ಅತ್ತೆ ಕೇಳುತ್ತಿದ್ದರು.

"ನೀನು ಮಾತಾಡಿದ್ರಲ್ವಾ ಯೋಳಾಕೆ!"

ಪರೀಕ್ಷಕರು, "ಹಿಂದೆ ಯಾರಮ್ಮ ಜಗಳ ಆಡ್ತಿರೋದು?" ಎಂದರು.

"ಇಬ್ರೂ ನಮ್ಮನೆಯವ್ರೇ ಸರ್," ಎಂದೆ. ಹಿಂದಿನ ಮಾತು ತಟ್ಟನೆ ನಿಂತಿತು. ನಾಚಿಕೆಯಿಂದ ಮುಂದಿನ ಪ್ರಶ್ನೆಗೆ ತೊದಲಿದೆ. ಹೇಗೋ ಪಾಸಾದೆ.

ಕೇಸು ಇನ್ನೂ ಮುಗಿದಿಲ್ಲ. ಮೊನ್ನೆಯೂ ಅದಕ್ಕೇ ಪಾಂಡವಪುರಕ್ಕೆ ಬಂದಿದ್ದೆವು, ಮೂವರೂ ಒಂದೇ ಬಸ್ಸಿನಲ್ಲಿ. ಜೆರಾಕ್ಸ್ ಮುಗಿಸಿ, ಕೋರ್ಟಿನಲ್ಲಿ ವಿಚಾರಿಸಿಕೊಂಡು ಹೋದಾಗ ಅವರಿಬ್ಬರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಂದೇ ಪೊಟ್ಟಣದಿಂದ ಕಡ್ಲೆಪುರಿ ತಿನ್ನುತ್ತಿದ್ದರು. ಕೇಸಿಗೆ ಮತ್ತೆ ಮುಂದಿನ ತಿಂಗಳಿಗೆ ವಾಯಿದೆ ಹಾಕಿದ್ದಾರೆಂದು ಅಳುಕುತ್ತಲೇ ಹೇಳಿದೆ.

"ಆಕ್ಕೊಳ್ಳಿ ಬುಡು," ಎಂದರು ದೊಡ್ಡತ್ತೆ, ಅತ್ತೆಯ ಕಡೆಗೆ ಸರಿದು ನನಗೂ ಜಾಗ ಮಾಡುತ್ತ. "ಇಬ್ರೂ ಇನ್ನೊಂದ್ ಸಲ ಬರಾನ."